ಸೊನ್ನೆಯೂ ಗೀಚೂ ಒಂದೇ ಅಲ್ಲ

1922ರಲ್ಲಿ ಲಂಡನ್ನಿನಲ್ಲಿ ತತ್ತ್ವಶಾಸ್ತ್ರದ ಒಂದು ಸಣ್ಣ ಪುಸ್ತಕ ಅಚ್ಚಾಯಿತು. ಒಂದು ಪುಟದಲ್ಲಿ ಜರ್ಮನ್ ಮೂಲ, ಎದುರು ಪುಟದಲ್ಲಿ ಅದರ ಇಂಗ್ಲಿಷ್. ಬರೆದವನು ಲುಡ್ವಿಗ್ ವಿಟ್‌ಗೆನ್‌ಸ್ಟೈನ್. ವಿಯೆನ್ನಾದ ಆಗರ್ಭ ಶ್ರೀಮಂತರ ಮನೆಯವನಾದರೂ ಪಾಲಿಗೆ ಬಂದ ಆಸ್ತಿಯನ್ನೆಲ್ಲ ಬಿಟ್ಟುಕೊಟ್ಟು, ಆಸ್ಟ್ರಿಯದ ಟ್ರಾಟೆನ್‌ಬಾಖ್ ಎಂಬ ಹಳ್ಳಿಯಲ್ಲಿ ಮಕ್ಕಳಿಗೆ ಪಾಠ ಹೇಳಿಕೊಂಡಿದ್ದ ಮನುಷ್ಯ. ಪುಸ್ತಕದ ಹೆಸರು ‘ಟ್ರಕ್ಟಾಟಸ್ ಲಾಜಿಕೋ-ಫಿಲಸಾಫಿಕಸ್’. ಅದರ ಕೊನೆಯಲ್ಲಿ ಅವನು ತನ್ನ ಪುಸ್ತಕವನ್ನೇ ಕುರಿತು ಒಂದು ಮಾತು ಹೇಳುತ್ತಾನೆ: ನನ್ನನ್ನು ತಿಳಿದುಕೊಂಡವನಿಗೆ ಕೊನೆಗೆ ನನ್ನ ವಾಕ್ಯಗಳೆಲ್ಲ ಇಂಥವು ಎಂದು ಗೊತ್ತಾಗುತ್ತದೆ, ಹತ್ತಿ ಮೇಲೆ ಹೋದವನು ಏಣಿಯನ್ನು ಎಸೆದುಬಿಡಬೇಕು. ‘ಇಂಥವು’ ಎಂದು ನಾನು ಬಿಟ್ಟಿರುವ ಜಾಗದಲ್ಲಿ ಆ ಇಂಗ್ಲಿಷ್ ಪುಟ ‘ಸೆನ್ಸ್‌ಲೆಸ್’ ಎನ್ನುತ್ತದೆ. 1961ರಲ್ಲಿ ಡೇವಿಡ್ ಪೇರ್ಸ್ ಮತ್ತು ಬ್ರಯಾನ್ ಮೆಕ್‌ಗಿನೆಸ್ ಹೊಸದಾಗಿ ಮಾಡಿದ ಅನುವಾದ ಅದೇ ಜಾಗದಲ್ಲಿ ‘ನಾನ್‌ಸೆನ್ಸಿಕಲ್’ ಎನ್ನುತ್ತದೆ.

ಎರಡೂ ಒಂದೇ ಅಲ್ಲವೇ, ಇದಕ್ಕೇನು ಇಷ್ಟು ತಲೆಕೆಡಿಸಿಕೊಳ್ಳುವುದು ಎಂದು ಗೆಳೆಯರೊಬ್ಬರು ಕೇಳಿದರು. ತಲೆಕೆಡಿಸಿಕೊಳ್ಳಬೇಕಾದ ಸಂಗತಿಯೇ ಇದು ಎಂದು ನನಗೆ ಅನಿಸುತ್ತದೆ. ಅವರಿಗೆ ಚಹಾದ ಹೊತ್ತಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಸಾವಕಾಶವಾಗಿ ಬರೆಯುತ್ತಿದ್ದೇನೆ.

ತತ್ತ್ವಶಾಸ್ತ್ರದ ತನಕ ಹೋಗುವುದಕ್ಕೆ ಮೊದಲು, ದಿನಬಳಕೆಯ ಇಂಗ್ಲಿಷಿನಲ್ಲೇ ಈ ಎರಡು ಪದಗಳ ಓಣಿ ಬೇರೆ. ಕಾರಣವೇ ಕಾಣದ ಕೊಲೆಯನ್ನು ಇಂಗ್ಲಿಷ್ ಪತ್ರಿಕೆಗಳು ‘ಸೆನ್ಸ್‌ಲೆಸ್’ ಕೊಲೆ ಎಂದು ಬರೆಯುತ್ತವೆ. ‘ನಾನ್‌ಸೆನ್ಸ್’ ಕೊಲೆ ಎಂದು ಯಾರೂ ಬರೆಯುವುದಿಲ್ಲ. ತಲೆಗೆ ಪೆಟ್ಟು ಬಿದ್ದು ಎಚ್ಚರ ತಪ್ಪಿದವನೂ ಸೆನ್ಸ್‌ಲೆಸ್ಸೇ. ನಾನ್‌ಸೆನ್ಸ್ ಮಾತ್ರ ಹೆಚ್ಚಾಗಿ ಮಾತಿಗೆ ಮೀಸಲು, ಮತ್ತು ಅದಕ್ಕೊಂದು ಮರ್ಯಾದೆಯೂ ಇದೆ. ಎಡ್ವರ್ಡ್ ಲಿಯರ್ 1846ರಲ್ಲಿ ತನ್ನ ಮಕ್ಕಳ ಪದ್ಯಗಳ ಪುಸ್ತಕಕ್ಕೆ ತಾನೇ ಆ ಪದವನ್ನು ಹೆಸರಾಗಿಟ್ಟುಕೊಂಡ. ಅವನ ಪದ್ಯಗಳನ್ನು ಸೆನ್ಸ್‌ಲೆಸ್ ಎಂದಿದ್ದರೆ ಜಗಳವಾಗುತ್ತಿತ್ತು. ನಮ್ಮ ಕಡೆ ಹಳೆಯ ಕಾಲದ ಹೆಡ್‌ಮಾಸ್ಟರುಗಳ ಬಾಯಲ್ಲಿ ‘ನಾನ್‌ಸೆನ್ಸ್’ ಎಂಬುದು ಅಪ್ಪಟ ಕನ್ನಡದ ಬೈಗುಳವೇ ಆಗಿಹೋಗಿತ್ತು. ಅದರ ಬೆನ್ನಿಗೇ ‘ಸೆನ್ಸ್ ಇಲ್ಲವೇನೋ ನಿನಗೆ’ ಎಂಬುದು ಬರುತ್ತಿತ್ತು. ಮೊದಲನೆಯದು ಹುಡುಗ ಆಡಿದ ಮಾತಿಗೆ, ಎರಡನೆಯದು ಹುಡುಗನಿಗೆ. ಇಷ್ಟರ ಮಟ್ಟಿಗೆ ಹೆಡ್‌ಮಾಸ್ಟರರು ವ್ಯತ್ಯಾಸವನ್ನು ಸರಿಯಾಗಿಯೇ ಹಿಡಿದಿದ್ದರು.

ವಿಟ್‌ಗೆನ್‌ಸ್ಟೈನ್ ಎಳೆದ ಗೆರೆ ಇದಕ್ಕಿಂತ ಸೂಕ್ಷ್ಮವಾದದ್ದು. ಅವನ ಜರ್ಮನ್ನಿನಲ್ಲಿ ಎರಡು ಪದಗಳಿವೆ: ‘ಜಿನ್‌ಲೋಸ್’ ಮತ್ತು ‘ಉನ್‌ಜಿನಿಖ್’. ಮೊದಲನೆಯದನ್ನು ನಾನು ಅರ್ಥಶೂನ್ಯ ಎಂದೂ ಎರಡನೆಯದನ್ನು ಅಸಂಬದ್ಧ ಎಂದೂ ಕರೆಯುತ್ತೇನೆ. (ಅನರ್ಥ ಎನ್ನೋಣವೆಂದರೆ ಅದು ನಮ್ಮಲ್ಲಿ ಆಗಲೇ ಕೇಡಿನ ಹೆಸರು, ಮಾತು ಕೆಟ್ಟರೆ ಕೇಡೇ ತಾನೇ ಎನ್ನುವವರ ಜೊತೆ ನಾನು ವಾದಕ್ಕಿಳಿಯುವುದಿಲ್ಲ.)

ಅರ್ಥಶೂನ್ಯ ಎಂದರೆ ಏನು? ‘ಈಗ ಹೊರಗೆ ಮಳೆ ಬರುತ್ತಿದೆ, ಇಲ್ಲವೇ ಬರುತ್ತಿಲ್ಲ.’ ಈ ವಾಕ್ಯ ನಿಜ. ಕಿಟಕಿ ತೆರೆದು ನೋಡಬೇಕಾಗಿಲ್ಲ, ಆಗುಂಬೆಯಲ್ಲೂ ನಿಜ, ರಾಯಚೂರಿನಲ್ಲೂ ನಿಜ. ಆದರೆ ಇದನ್ನು ತಿಳಿದವನಿಗೆ ಹವಾಮಾನದ ಬಗ್ಗೆ ಏನೂ ತಿಳಿದಂತಾಗಲಿಲ್ಲ. ಹವಾಮಾನದ ಈ ಉದಾಹರಣೆ ವಿಟ್‌ಗೆನ್‌ಸ್ಟೈನನದೇ. ತರ್ಕಶಾಸ್ತ್ರದವರು ಇಂಥ ವಾಕ್ಯವನ್ನು ಟಾಟಾಲಜಿ ಎನ್ನುತ್ತಾರೆ. ಇದರ ತಮ್ಮನೇ ವಿರೋಧವಾಕ್ಯ: ‘ಮಳೆ ಬರುತ್ತಿದೆ ಮತ್ತು ಬರುತ್ತಿಲ್ಲ.’ ಅದು ಎಲ್ಲೆಲ್ಲೂ ಸುಳ್ಳು, ಹಾಗಾಗಿ ಅದೂ ಏನನ್ನೂ ತಿಳಿಸುವುದಿಲ್ಲ.

ಒಂದು ವಾಕ್ಯ ಏನನ್ನಾದರೂ ಹೇಳಬೇಕಾದರೆ ಅದು ಏನನ್ನಾದರೂ ಅಲ್ಲಗಳೆಯಬೇಕು. ‘ಬಾಗಿಲು ಹಾಕಿದೆ’ ಎಂದರೆ ತೆರೆದ ಬಾಗಿಲು ಆ ಮಾತಿನ ಆಚೆಗೆ ಹೋಯಿತು. ಟಾಟಾಲಜಿ ಯಾವುದನ್ನೂ ಆಚೆಗೆ ಕಳಿಸುವುದಿಲ್ಲ. ಎಲ್ಲವನ್ನೂ ಒಳಗೆ ಬಿಟ್ಟುಕೊಂಡು ಕೂರುತ್ತದೆ. ಆದರೂ ಅದರಲ್ಲಿ ದೋಷವಿಲ್ಲ. ಪದಗಳು ಸರಿಯಾಗಿವೆ, ಜೋಡಣೆ ಸರಿಯಾಗಿದೆ, ಒಂದೊಂದು ತುಂಡೂ ತನ್ನ ಕೆಲಸವನ್ನು ಮಾಡಿದೆ; ಒಂದರ ಕೆಲಸವನ್ನು ಇನ್ನೊಂದು ಹೊಡೆದುಹಾಕಿರುವುದರಿಂದ ಉಳಿಕೆ ಏನೂ ಇಲ್ಲ. ಏಳರಲ್ಲಿ ಏಳು ಕಳೆದರೆ ಬರುವ ಸೊನ್ನೆಯನ್ನು ಯಾರೂ ತಪ್ಪು ಉತ್ತರ ಎನ್ನುವುದಿಲ್ಲ. ಸೊನ್ನೆಯ ಹೋಲಿಕೆಯೂ ಅವನದೇ: ಅಂಕಗಣಿತದಲ್ಲಿ ಸೊನ್ನೆ ಹೇಗೆ ಆ ಬರವಣಿಗೆಯ ಒಂದು ಅಂಗವೋ ಹಾಗೆಯೇ ಟಾಟಾಲಜಿ ಭಾಷೆಯ ಒಂದು ಅಂಗ, ಅದು ಉನ್‌ಜಿನಿಖ್ ಅಲ್ಲ ಎಂದು ಬಿಡಿಸಿ ಹೇಳುತ್ತಾನೆ. ಸೊನ್ನೆಯ ಪಕ್ಕದಲ್ಲಿ ಮಗು ಪೆನ್ಸಿಲ್ಲಿನಿಂದ ಒಂದು ಗೀಚು ಎಳೆದರೆ ಅದಕ್ಕೂ ಬೆಲೆಯಿಲ್ಲ, ಸೊನ್ನೆಗೂ ಬೆಲೆಯಿಲ್ಲ. ಆದರೆ ಗೀಚು ಲೆಕ್ಕದ ಒಳಗಿನದಲ್ಲ.

ಇಲ್ಲಿ ನನ್ನದೊಂದು ತಕರಾರು. ಆ ಪುಸ್ತಕದ ಲೋಕದಲ್ಲಿ ಟಾಟಾಲಜಿ ಬರೀ ಖಾಲಿ. ನಮ್ಮ ಮನೆ ಬೀದಿಗಳಲ್ಲಿ ಅದು ಹಾಗಿಲ್ಲ. ‘ಆದದ್ದು ಆಯಿತು’ ಎಂದು ಸಾವಿನ ಮನೆಯಲ್ಲಿ ಹೇಳುತ್ತಾರೆ. ‘ಅಪ್ಪ ಅಪ್ಪನೇ’ ಎಂದು ಮುನಿಸಿಕೊಂಡ ಮಗನಿಗೆ ಅತ್ತೆ ಹೇಳುತ್ತಾಳೆ. ‘ಕೊಟ್ಟ ಮಾತು ಕೊಟ್ಟ ಮಾತೇ’ ಎಂದು ಸಂಬಂಧ ಕುದುರಿಸುವವರು ಹೇಳುತ್ತಾರೆ. ತರ್ಕದ ತಕ್ಕಡಿಯಲ್ಲಿ ತೂಗಿದರೆ ಒಂದಕ್ಕೂ ತೂಕವಿಲ್ಲ. ಆದರೆ ಆ ಮಾತುಗಳನ್ನು ಯಾರು, ಯಾವಾಗ, ಯಾರ ಹೆಗಲ ಮೇಲೆ ಕೈಯಿಟ್ಟು ಆಡಿದರು ಎಂಬುದರಲ್ಲಿ ಅವುಗಳ ಕೆಲಸವೆಲ್ಲ ಇದೆ. ಭಾಷೆಯನ್ನು ಅದರ ಬಳಕೆಯಲ್ಲಿಯೇ ನೋಡಬೇಕು ಎಂದು ವಿಟ್‌ಗೆನ್‌ಸ್ಟೈನನೇ ಮುಂದೆ ಬೇರೊಂದು ಪುಸ್ತಕ ಬರೆದ. ಮೊದಲ ಪುಸ್ತಕದ ಹೊತ್ತಿಗೆ ಅವನಿಗೆ ನಮ್ಮ ಅತ್ತೆಯಂಥವರ ಪರಿಚಯ ಸಾಲದಾಗಿತ್ತು.

ಖಾಲಿ ಮಾತಿನ ಇನ್ನೊಂದು ತಳಿಯನ್ನು ನಾನು ಹೊಟ್ಟೆಪಾಡಿಗಾಗಿಯೇ ಹತ್ತಿರದಿಂದ ಕಂಡವನು. ಹಲವು ವರ್ಷ ಸುತ್ತೋಲೆಗಳ ಕನ್ನಡ ತಿದ್ದುತ್ತಿದ್ದೆ. ‘ಸೂಕ್ತ ಸಮಯದಲ್ಲಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂಬ ವಾಕ್ಯವನ್ನು ಅರಿಯದ ಕನ್ನಡಿಗನಿಲ್ಲ. ಈ ಮಾತು ತಪ್ಪಿತು ಎಂದು ಯಾವಾಗ ಹೇಳಬಹುದು? ಮೂರು ವರ್ಷ ಏನೂ ಆಗಲಿಲ್ಲವೇ, ಸೂಕ್ತ ಸಮಯ ಬಂದಿಲ್ಲ. ಆದದ್ದು ಏನಕ್ಕೂ ಸಾಲದೇ, ಅಷ್ಟೇ ಸೂಕ್ತ. ಏನೂ ಮಾಡದೆ ಕಡತ ಮುಚ್ಚಿದರೇ, ಮುಚ್ಚುವುದೇ ಸೂಕ್ತ ಕ್ರಮ. ಲೋಕದಲ್ಲಿ ಏನು ನಡೆದರೂ ಈ ವಾಕ್ಯಕ್ಕೆ ಒಂದು ಗೀರೂ ಬೀಳುವುದಿಲ್ಲ. ಕಟ್ಟುನಿಟ್ಟಾಗಿ ನೋಡಿದರೆ ಇದು ಟಾಟಾಲಜಿಯಲ್ಲ, ಆದರೆ ಅದೇ ವಂಶದ್ದು. ಮಳೆಯ ವಾಕ್ಯ ತಾನು ಖಾಲಿ ಎಂಬುದನ್ನು ಮುಚ್ಚಿಡುವುದಿಲ್ಲ, ಇದು ಭರವಸೆಯ ಅಂಗಿ ತೊಟ್ಟು ಬರುತ್ತದೆ. ತಿದ್ದುವವನಿಗೆ ಇದರಲ್ಲಿ ಕೆಲಸವೇ ಇರುತ್ತಿರಲಿಲ್ಲ. ಕಾಗುಣಿತ ಸರಿ, ವ್ಯಾಕರಣ ಸರಿ, ಅಲ್ಪವಿರಾಮ ಬೇಕಾಗಿಲ್ಲ.

ಇನ್ನು ಅಸಂಬದ್ಧದ ಕಡೆಗೆ. ‘ಸಾಕ್ರೆಟೀಸ್ ಅಭಿನ್ನ.’ ಯಾರಿಂದ ಅಭಿನ್ನ ಎಂದು ಕೇಳಬೇಡಿ. ಸುಮ್ಮನೆ ಅಭಿನ್ನ, ಉದ್ದ ಕುಳ್ಳು ಎಂದಂತೆ ಅದೂ ಒಂದು ಗುಣ. ಈ ವಾಕ್ಯ ಏನನ್ನೂ ಹೇಳುವುದಿಲ್ಲ. ಮಳೆಯ ವಾಕ್ಯವೂ ಹೇಳಿರಲಿಲ್ಲ, ಆದರೆ ಇಲ್ಲಿ ಆಗಿರುವುದೇ ಬೇರೆ. ಇಲ್ಲಿ ಕೆಲಸಗಳು ಒಂದನ್ನೊಂದು ಹೊಡೆದುಹಾಕಿಲ್ಲ; ‘ಅಭಿನ್ನ’ ಎಂಬ ಪದಕ್ಕೆ ಇಲ್ಲಿ ಕೆಲಸವನ್ನೇ ಕೊಟ್ಟಿಲ್ಲ. ವಿಟ್‌ಗೆನ್‌ಸ್ಟೈನ್ ಇದನ್ನು ಹೇಳುವ ರೀತಿ ನನಗೆ ಬಹಳ ಇಷ್ಟ. ಈ ವಾಕ್ಯ ತನ್ನ ಸ್ವಭಾವದಿಂದಲೇ ನಿಷಿದ್ಧ ಎಂದು ಅವನು ಹೇಳುವುದಿಲ್ಲ. ಗುಣವಾಚಕವಾಗಿ ಆ ಪದಕ್ಕೆ ನಾವು ಯಾವ ಅರ್ಥವನ್ನೂ ಕೊಟ್ಟಿಲ್ಲ, ಅಷ್ಟೇ. ನಾಳೆ ಯಾರಾದರೂ ಕೊಟ್ಟರೆ ವಾಕ್ಯ ಎದ್ದು ನಡೆದೀತು. ಬಾಕಿ ಉಳಿದಿರುವುದು ಮಾತಾಡುವವನ ಕಡೆಯಲ್ಲಿ.

ಎರಡನ್ನೂ ಬೇರ್ಪಡಿಸಲು ನಾನು ಬಳಸುವ ಪರೀಕ್ಷೆ ಒಂದೇ: ವಾಕ್ಯಕ್ಕೆ ‘ಅಲ್ಲ’ ಸೇರಿಸಿ ನೋಡುವುದು. ಮಳೆಯ ವಾಕ್ಯವನ್ನು ಅಲ್ಲಗಳೆದರೆ ವಿರೋಧವಾಕ್ಯ ಸಿಗುತ್ತದೆ. ಸದಾ ನಿಜವಾಗಿದ್ದದ್ದು ಸದಾ ಸುಳ್ಳಾಗುತ್ತದೆ. ಅಂದರೆ ‘ಅಲ್ಲ’ ಅಲ್ಲಿ ತನ್ನ ಕೆಲಸ ಮಾಡಿತು, ಯಂತ್ರ ನಡೆಯುತ್ತಿದೆ. ‘ಸಾಕ್ರೆಟೀಸ್ ಅಭಿನ್ನ ಅಲ್ಲ’ ಎಂದರೆ? ಏನೂ ಬದಲಾಗಲಿಲ್ಲ. ಮೊದಲು ಎಷ್ಟು ಕತ್ತಲಿತ್ತೋ ಈಗಲೂ ಅಷ್ಟೇ.

ಹಾಗೆಂದು ವಿಚಿತ್ರವಾದದ್ದೆಲ್ಲ ಅಸಂಬದ್ಧವಲ್ಲ. ಶಿಶುನಾಳ ಶರೀಫರ ಹಾಡಿನಲ್ಲಿ ಕೋಳಿ ಕೋಡಗವನ್ನು ನುಂಗುತ್ತದೆ. ಅದನ್ನು ಕೇಳಿದ ಯಾವ ಮಗುವಿಗೂ ಚಿತ್ರ ಬರೆಯಲು ಬರುತ್ತದೆ: ಇಷ್ಟು ದೊಡ್ಡ ಕೋಳಿ, ಅದರ ಬಾಯಿಂದ ಹೊರಗೆ ನೇತಾಡುವ ಬಾಲ. ಒಳಗಿನ ಅನುಭಾವದ ಮಾತು ಹಾಗಿರಲಿ, ಹೊರಗಿನ ವಾಕ್ಯ ಬರೀ ಸುಳ್ಳು, ಚೆಲುವಾದ ಸುಳ್ಳು. ‘ಒಳಿತು ಚೆಲುವಿಗಿಂತ ಹೆಚ್ಚು ಅಭಿನ್ನವೋ ಕಡಿಮೆ ಅಭಿನ್ನವೋ’ ಎಂಬುದಕ್ಕೆ (ಇದೂ ಅದೇ ಪುಸ್ತಕದ ಉದಾಹರಣೆ) ಯಾವ ಮಗುವೂ ಚಿತ್ರ ಬರೆಯಲಾರದು, ಯಾವ ಪ್ರಾಧ್ಯಾಪಕನೂ ಬರೆಯಲಾರ. ಆದರೆ ಪ್ರಾಧ್ಯಾಪಕ ಅದರ ಮೇಲೆ ವಿಚಾರಸಂಕಿರಣ ಏರ್ಪಡಿಸಬಲ್ಲ.

ಪಾಠಶಾಲೆಗಳಲ್ಲಿ ನ್ಯಾಯಶಾಸ್ತ್ರದ ಮೊದಲ ಪಾಠವಾದ ಅನ್ನಂಭಟ್ಟನ ‘ತರ್ಕಸಂಗ್ರಹ’ ಓದಿದವರಿಗೆ ಈ ಜಾಡು ಪರಿಚಿತವೆನಿಸೀತು. ಅನ್ನಂಭಟ್ಟ ವಾಕ್ಯ ಕೆಡುವ ಮೂರು ಬಗೆಯನ್ನು ಹೇಳುತ್ತಾನೆ. ‘ಹಸು ಕುದುರೆ ಮನುಷ್ಯ ಆನೆ’ ಎಂದರೆ ಪದಗಳಿಗೆ ಒಂದರ ಮೇಲೊಂದಕ್ಕೆ ಬಯಕೆಯಿಲ್ಲ, ಅಂದರೆ ಆಕಾಂಕ್ಷೆ ಇಲ್ಲ. ‘ಬೆಂಕಿಯಿಂದ ನೆನೆಸುತ್ತಾನೆ’ ಎಂದರೆ ಪದಗಳ ಅರ್ಥ ಒಂದಕ್ಕೊಂದು ಹೊಂದುವುದಿಲ್ಲ, ಅಂದರೆ ಯೋಗ್ಯತೆ ಇಲ್ಲ. ‘ಹಸುವನ್ನು’ ಎಂದು ಈಗ ಹೇಳಿ ‘ತಾ’ ಎಂದು ಒಂದು ಜಾವ ಬಿಟ್ಟು ಹೇಳಿದರೆ ಪದಗಳು ಹತ್ತಿರವಿಲ್ಲ, ಅಂದರೆ ಸಾನ್ನಿಧ್ಯ ಇಲ್ಲ. ಬೆಂಕಿಯ ವಾಕ್ಯವೇ ಇಲ್ಲಿ ಸ್ವಾರಸ್ಯ. ಅದು ಸುಳ್ಳೇ, ಅಸಂಬದ್ಧವೇ? ನೈಯಾಯಿಕರ, ಅಂದರೆ ನ್ಯಾಯಶಾಸ್ತ್ರದವರ, ಪ್ರಕಾರ ಅದರಿಂದ ವಾಕ್ಯಾರ್ಥದ ಅರಿವೇ ಹುಟ್ಟುವುದಿಲ್ಲ. ವೈಯಾಕರಣರು, ಅಂದರೆ ವ್ಯಾಕರಣದ ಪಂಡಿತರು, ಇದನ್ನು ಒಪ್ಪುವುದಿಲ್ಲ: ಮೊಲದ ಕೊಂಬು ಎಂದರೂ ಕೇಳಿದವನ ಬುದ್ಧಿಯಲ್ಲಿ ಏನೋ ಮೂಡುತ್ತದೆ, ಲೋಕದಲ್ಲಿ ಅದಿಲ್ಲದಿದ್ದರೆ ಅದು ಮಾತಿನ ತಪ್ಪಲ್ಲ ಎಂಬ ಧೋರಣೆ ಅವರದು. ನನ್ನ ಓಟು ವೈಯಾಕರಣರಿಗೆ. ಬೆಂಕಿಯಿಂದ ನೆನೆಸುವುದು ಅಸಾಧ್ಯ ಎಂದು ನನಗೆ ಗೊತ್ತಾಗಬೇಕಾದರೆ ಆ ವಾಕ್ಯ ನನಗೆ ಮೊದಲು ತಿಳಿದಿರಬೇಕಲ್ಲ. ಆದರೆ ಮಳೆಯ ವಾಕ್ಯದಂಥದ್ದು, ಎಲ್ಲ ಸರಿಯಾಗಿದ್ದೂ ಖಾಲಿ ಉಳಿಯುವಂಥದ್ದು, ಆ ಮೂರರ ಪಟ್ಟಿಯಲ್ಲಿ ಇಲ್ಲ.

ಈಗ ಇಂಗ್ಲಿಷಿನ ಕಥೆಗೆ ಬರೋಣ. 1922ರ ಅನುವಾದದ ಮೇಲೆ ಹೆಸರಿರುವುದು ಸಿ. ಕೆ. ಆಗ್ಡೆನ್‌ನದು. ಮೊದಲ ಕರಡನ್ನು ಮಾಡಿದವನು ಕೇಂಬ್ರಿಜ್‌ನಲ್ಲಿ ಇನ್ನೂ ಪದವಿಗೆ ಓದುತ್ತಿದ್ದ ಫ್ರಾಂಕ್ ರ‍್ಯಾಮ್ಸೆ. 1903ರಲ್ಲಿ ಹುಟ್ಟಿದ ಹುಡುಗ. ಜರ್ಮನ್ ಪುಟ ನೋಡುತ್ತ ಶೀಘ್ರಲಿಪಿ ಬರೆಯುವವರಿಗೆ ಇಂಗ್ಲಿಷಿನಲ್ಲಿ ಹೇಳುತ್ತ ಹೋದನಂತೆ. ಆ ಕರಡು ಆಗ್ಡೆನ್‌ನ ಕೈಯಿಂದ ಹಾದು ಆಸ್ಟ್ರಿಯಕ್ಕೆ ಹೋಯಿತು. ವಿಟ್‌ಗೆನ್‌ಸ್ಟೈನ್ ಸಾಲು ಸಾಲಾಗಿ ತಿದ್ದುಪಡಿ ಕಳಿಸಿದ. ಇಷ್ಟಾದ ಮೇಲೂ ಪದಗಳು ಕಲಸಿಕೊಂಡವು. ಮುನ್ನುಡಿಯಲ್ಲಿ ಭಾಷೆಯ ಗಡಿಯಾಚೆ ಇರುವುದು ಬರೀ ‘ನಾನ್‌ಸೆನ್ಸ್’ ಎಂದು ಸರಿಯಾಗಿಯೇ ಬಂದಿದೆ. ಆದರೆ ತತ್ತ್ವಶಾಸ್ತ್ರದ ಬಹುಪಾಲು ಪ್ರಶ್ನೆಗಳು ಸುಳ್ಳಲ್ಲ, ಅಸಂಬದ್ಧ ಎನ್ನುವಲ್ಲಿ ಜರ್ಮನ್ ಪುಟ ‘ಉನ್‌ಜಿನಿಖ್’ ಎಂದರೆ ಇಂಗ್ಲಿಷ್ ಪುಟ ‘ಸೆನ್ಸ್‌ಲೆಸ್’ ಎನ್ನುತ್ತದೆ. ಕೊನೆಯ ಪುಟದ ಏಣಿಯ ಮಾತಿನಲ್ಲೂ ಹಾಗೆಯೇ. ಇತ್ತ ಟಾಟಾಲಜಿಗೆ ಅರ್ಥವಿಲ್ಲ ಎನ್ನುವಲ್ಲಿ ‘ವಿದೌಟ್ ಸೆನ್ಸ್’ ಎಂದಿದೆ.

ಜರ್ಮನ್ ಬಾರದ ಓದುಗ ಏನು ಮಾಡಬೇಕು? ‘ವಿದೌಟ್ ಸೆನ್ಸ್’ ಮತ್ತು ‘ಸೆನ್ಸ್‌ಲೆಸ್’ ಒಂದೇ ಎಂದುಕೊಳ್ಳುವುದು ಅವನ ತಪ್ಪಲ್ಲ. ಇಂಗ್ಲಿಷ್ ಬಲ್ಲ ಯಾರೂ ಹಾಗೆಯೇ ಅಂದುಕೊಳ್ಳುತ್ತಾರೆ. ಆಗ ಕೊನೆಯ ಪುಟದ ಮಾತು ಅವನ ಕಿವಿಗೆ ಬೀಳುವುದು ಹೀಗೆ: ನನ್ನ ವಾಕ್ಯಗಳೂ ಟಾಟಾಲಜಿಯ ಹಾಗೆ ಖಾಲಿ, ಆದರೆ ನಿರ್ದೋಷಿ, ತರ್ಕಶಾಸ್ತ್ರದ ವಾಕ್ಯಗಳ ಸಾಲಿನಲ್ಲಿ ಇವಕ್ಕೂ ಒಂದು ಆಸನವಿದೆ. ವಿಟ್‌ಗೆನ್‌ಸ್ಟೈನ್ ಹೇಳಿದ್ದು ಇದಕ್ಕೆ ವಿರುದ್ಧವಾದದ್ದು. ನನ್ನ ವಾಕ್ಯಗಳು ಸೊನ್ನೆಯಲ್ಲ, ಗೀಚು ಎಂದು ಅವನು ಹೇಳಿದ. ತನ್ನ ಪುಸ್ತಕಕ್ಕೆ ಅಷ್ಟು ಕಠೋರವಾದ ತೀರ್ಪು ಕೊಟ್ಟ ಲೇಖಕರು ಕಡಿಮೆ. ಸುಮಾರು ನಲವತ್ತು ವರ್ಷ ಇಂಗ್ಲಿಷ್ ಓದುಗರು ಆ ತೀರ್ಪಿನ ಸೌಮ್ಯ ರೂಪವನ್ನು ಓದಿದರು.

ತಪ್ಪನ್ನೆಲ್ಲ ಆ ಹುಡುಗನ ತಲೆಗೆ ಕಟ್ಟುವುದು ಅನ್ಯಾಯ. 1923ರ ಸೆಪ್ಟೆಂಬರಿನಲ್ಲಿ ರ‍್ಯಾಮ್ಸೆ ಆಸ್ಟ್ರಿಯದ ಪುಖ್‌ಬೆರ್ಗ್ ಎಂಬ ಹಳ್ಳಿಗೇ ಹೋದ. ವಿಟ್‌ಗೆನ್‌ಸ್ಟೈನ್ ಆಗ ಅಲ್ಲಿ ಮೇಷ್ಟ್ರು. ಶಾಲೆ ಬಿಟ್ಟ ಮೇಲೆ ದಿನಕ್ಕೆ ನಾಲ್ಕೈದು ಗಂಟೆ ಇಬ್ಬರೂ ಪುಸ್ತಕವನ್ನು ಮುಂದಿಟ್ಟುಕೊಂಡು ಕೂತರು. ‘ತಿಳಿಯಿತೇ’ ಎಂದು ಅವನು ಕೇಳುವುದು, ‘ಇಲ್ಲ’ ಎಂದು ಇವನು ಹೇಳುವುದು, ಮತ್ತೆ ಮೊದಲಿನಿಂದ ಹೇಳಬೇಕಲ್ಲ ಎಂದು ಅವನು ರೇಗುವುದು. ರ‍್ಯಾಮ್ಸೆ ಇದನ್ನು ತಾಯಿಗೆ ಕಾಗದದಲ್ಲಿ ಬರೆದಿದ್ದಾನೆ. ಆ ಕೂಟದಲ್ಲಿ ಅನುವಾದಕ್ಕೆ ಹಲವು ತಿದ್ದುಪಡಿಗಳು ಹುಟ್ಟಿದವು, 1933ರ ಮುದ್ರಣದಲ್ಲಿ ಸೇರಿದವು. ಏಣಿಯ ವಾಕ್ಯದ ‘ಸೆನ್ಸ್‌ಲೆಸ್’ ಮಾತ್ರ ಅಲ್ಲೇ ಉಳಿಯಿತು. ಬರೆದವನೂ ಅನುವಾದಿಸಿದವನೂ ಒಂದೇ ಮೇಜಿನಲ್ಲಿ ಕೂತು ಓದಿದ ಪುಸ್ತಕ ಅದು.

ಇತ್ತ ಜರ್ಮನ್ನಿನಲ್ಲೂ ಎಲ್ಲರೂ ಆ ಗೆರೆಯನ್ನು ಕಾಪಾಡಲಿಲ್ಲ. ವಿಯೆನ್ನಾದಲ್ಲಿ ಮೊರಿಟ್ಜ್ ಶ್ಲಿಕ್‌ನ ಸುತ್ತ ಸೇರುತ್ತಿದ್ದ ಪಂಡಿತರ ಬಳಗ ಟ್ರಕ್ಟಾಟಸ್ಸನ್ನು ಒಟ್ಟಿಗೆ ಕೂತು ಓದಿತು. ಓದುವಾಗ ಅವರಲ್ಲೊಬ್ಬನಾದ ಓಟೊ ನಾಯ್ರಾಟ್ ಮಾತು ಮಾತಿಗೂ ‘ಮೆಟಫಿಸಿಕ್ಸ್!’ (ಅನುಭವದಾಚೆಯ ಸಂಗತಿಗಳ ತತ್ತ್ವಚಿಂತನೆ) ಎಂದು ತಡೆಯುತ್ತಿದ್ದನಂತೆ. ಬೇಸತ್ತ ಗೆಳೆಯರು ಬರೀ ‘ಎಂ’ ಎಂದರೆ ಸಾಕು ಎಂದಾಗ, ಮೆಟಫಿಸಿಕ್ಸ್ ಅಲ್ಲದಿದ್ದಾಗ ಮಾತ್ರ ‘ಎಂ ಅಲ್ಲ’ ಎಂದರೆ ನನಗೆ ಶ್ರಮ ಕಡಿಮೆ ಎಂದನಂತೆ. ಆ ಬಳಗದ ರುಡಾಲ್ಫ್ ಕಾರ್ನಾಪ್ ಮೆಟಫಿಸಿಕ್ಸನ್ನು ಭಾಷೆಯ ವಿಶ್ಲೇಷಣೆಯಿಂದ ದಾಟುವ ಬಗೆಗೆ ಒಂದು ಪ್ರಸಿದ್ಧ ಲೇಖನ ಬರೆದ. ‘ಸೀಸರ್ ಮತ್ತು ಆಗಿದ್ದಾನೆ’, ‘ಸೀಸರ್ ಒಂದು ಅವಿಭಾಜ್ಯ ಸಂಖ್ಯೆ’ ಎಂಬ ಉದಾಹರಣೆಗಳು ಅಲ್ಲಿವೆ. ವಿಟ್‌ಗೆನ್‌ಸ್ಟೈನ್ ‘ಉನ್‌ಜಿನಿಖ್’ ಎನ್ನುತ್ತಿದ್ದ ಇಂಥ ಹುಸಿವಾಕ್ಯಗಳಿಗೆ ಕಾರ್ನಾಪ್ ಬಳಸಿದ ಪದ ‘ಜಿನ್‌ಲೋಸ್’. ಮೂಲದವರ ಊರಿನಲ್ಲೇ ಹೀಗೆ.

ಕಾರ್ನಾಪ್ ಕೈಗೆ ಸಿಕ್ಕ ದೊಡ್ಡ ಮೀನು ಜರ್ಮನ್ ತತ್ತ್ವಜ್ಞ ಮಾರ್ಟಿನ್ ಹೈಡೆಗರ್. 1929ರ ಉಪನ್ಯಾಸವೊಂದರಲ್ಲಿ ಹೈಡೆಗರ್ ಹೇಳಿದ ಮಾತು ಕನ್ನಡದಲ್ಲಿ ಸುಮಾರಾಗಿ ‘ಇಲ್ಲವು ಇಲ್ಲಿಸುತ್ತದೆ’ ಎಂದಾಗುತ್ತದೆ. ಕಾರ್ನಾಪ್‌ನ ಆಕ್ಷೇಪ ಇಷ್ಟು: ಹೊರಗೆ ಏನಿದೆ ಎಂದು ಕೇಳಿದರೆ ಜರ್ಮನ್ ಇಂಗ್ಲಿಷ್‌ಗಳಲ್ಲಿ ‘ನಥಿಂಗ್’ ಎಂದು ಉತ್ತರ ಕೊಡಬಹುದು. ಆ ಪದ ನೋಡಲು ಹೆಸರುಪದದಂತಿದೆ. ಹಾಗಾಗಿ ಆ ನಥಿಂಗ್ ಎಲ್ಲಿದೆ, ಏನು ಮಾಡುತ್ತದೆ ಎಂದು ಹುಡುಕಿಕೊಂಡು ಹೊರಟರೆ ಕೆಟ್ಟೆವು. ಈ ತಮಾಷೆಯನ್ನು ಆಕ್ಸ್‌ಫರ್ಡಿನ ಗಣಿತದ ಮೇಷ್ಟ್ರು ಲೂಯಿಸ್ ಕ್ಯಾರಲ್ 1871ರಲ್ಲೇ ತನ್ನ ಆಲಿಸ್ ಕಥೆಯಲ್ಲಿ ಮಾಡಿದ್ದ. ದಾರಿಯಲ್ಲಿ ‘ನೋಬಡಿ’ ಕಾಣುತ್ತಿದ್ದಾನೆ ಎಂದು ಆಲಿಸ್ ಹೇಳಿದರೆ, ನೋಬಡಿಯನ್ನೇ ಕಾಣುವಂಥ ಕಣ್ಣು, ಅದೂ ಇಷ್ಟು ದೂರದಿಂದ, ನನಗಿಲ್ಲವಲ್ಲ ಎಂದು ರಾಜ ಹಲುಬುತ್ತಾನೆ.

ಈ ಹಾಸ್ಯವನ್ನು ಕನ್ನಡಕ್ಕೆ ತರಲು ಕೂತವರಿಗೆ ಕಷ್ಟ ಗೊತ್ತು. ‘ದಾರಿಯಲ್ಲಿ ಯಾರೂ ಕಾಣುತ್ತಿಲ್ಲ’ ಎನ್ನುವಾಗ ನಮ್ಮಲ್ಲಿ ನಿಷೇಧ ಕೂತಿರುವುದು ಕ್ರಿಯಾಪದದಲ್ಲಿ. ‘ಯಾರೂ’ ಎಂಬವನನ್ನು ಹೊರಗೆಳೆದು ಅವನಿಗೆ ಕಾಲು ಕೈ ಅಂಟಿಸಲು ಬರುವುದಿಲ್ಲ, ವಾಕ್ಯ ಕಳಚಿಬೀಳುತ್ತದೆ. ಅಂದರೆ ಹೈಡೆಗರ್‌ನ ಆ ವಾಕ್ಯಕ್ಕೆ ಕಾರಣವಾದ ಗುಂಡಿ ನಮ್ಮ ದಾರಿಯಲ್ಲಿ ಇಲ್ಲವೇ ಇಲ್ಲ. ಅಲ್ಲಿ ಬೀಳಬೇಕೆಂದರೆ ನಾವು ಸಂಸ್ಕೃತದಿಂದ ಶೂನ್ಯವನ್ನೋ ಅಭಾವವನ್ನೋ ತಂದು ಗುಂಡಿ ತೋಡಿಕೊಳ್ಳಬೇಕು. ಹಾಗೆಂದು ಕನ್ನಡಿಗರು ಬೀಗಬೇಕಾಗಿಲ್ಲ. ಬೀಳಲು ನಮಗೆ ಬೇರೆ ಗುಂಡಿಗಳು ಬೇಕಾದಷ್ಟಿವೆ.

ಒಂದನ್ನು ಹೇಳುತ್ತೇನೆ. ಪ್ರಜ್ಞೆಯ ಕ್ವಾಂಟಮ್ ಕಂಪನಾಂಕ ಹೆಚ್ಚಿದಂತೆ ಜೀವಕೋಶಗಳ ಸ್ಮೃತಿ ಶುದ್ಧಿಯಾಗುತ್ತದೆ ಎಂದು ಒಬ್ಬರು ತುಂಬಿದ ಸಭೆಯಲ್ಲಿ ಹೇಳುತ್ತಿದ್ದರು. ಪ್ರತಿಯೊಂದು ಪದಕ್ಕೂ ಬೇರೆಲ್ಲೋ ಒಂದು ಒಳ್ಳೆಯ ಉದ್ಯೋಗವಿದೆ: ಕ್ವಾಂಟಮ್‌ಗೆ ಭೌತವಿಜ್ಞಾನದಲ್ಲಿ, ಕಂಪನಾಂಕಕ್ಕೆ ತಂತಿಯಲ್ಲಿ, ಸ್ಮೃತಿಗೆ ಮನಸ್ಸಿನಲ್ಲಿ, ಶುದ್ಧಿಗೆ ದೇವರ ಮನೆಯಲ್ಲಿ. ಒಟ್ಟಿಗೆ ತಂದಾಗ ಯಾರಿಗೂ ಕೆಲಸವಿಲ್ಲ, ಆದರೆ ಎಲ್ಲರೂ ಸಮವಸ್ತ್ರದಲ್ಲೇ ಬಂದಿದ್ದಾರೆ. ಪ್ರಶ್ನೋತ್ತರದ ಹೊತ್ತಿನಲ್ಲಿ ನಾನು ಕೇಳಿದೆ: ಕಂಪನಾಂಕ ಹೆಚ್ಚಿದರೂ ಸ್ಮೃತಿ ಶುದ್ಧಿಯಾಗದೆ ಇದ್ದರೆ ಅದು ಹೇಗೆ ಗೊತ್ತಾಗುತ್ತದೆ, ಸ್ವಾಮಿ? ‘ಅದನ್ನು ಅನುಭವಿಸಿಯೇ ತಿಳಿಯಬೇಕು’ ಎಂದರು. ಚಪ್ಪಾಳೆ ಬಿತ್ತು. 1953ರಲ್ಲಿ, ವಿಟ್‌ಗೆನ್‌ಸ್ಟೈನ್ ತೀರಿಕೊಂಡ ಮೇಲೆ ಬಂದ ಪುಸ್ತಕದಲ್ಲಿ ಅವನು ತನ್ನ ಕಸುಬನ್ನು ಹೀಗೆ ಹೇಳಿಕೊಳ್ಳುತ್ತಾನೆ: ಕಣ್ಣಿಗೆ ಬೀಳದ ಅಸಂಬದ್ಧದಿಂದ ಕಣ್ಣಿಗೆ ಬೀಳುವ ಅಸಂಬದ್ಧಕ್ಕೆ ದಾಟುವುದನ್ನು ಕಲಿಸುತ್ತೇನೆ. ಸೂಕ್ತ ಕ್ರಮದ ಸುತ್ತೋಲೆಯನ್ನು ಹೀಗೆ ದಾಟಿಸುವ ಅಗತ್ಯವಿಲ್ಲ. ಅದರ ಖಾಲಿತನ ಊರಿಗೆಲ್ಲ ಗೊತ್ತು. ಜನ ನಗುತ್ತಾರೆ, ಅರ್ಜಿ ಮತ್ತೆ ಬರೆಯುತ್ತಾರೆ. ಸಭೆಯ ಆ ವಾಕ್ಯಕ್ಕೆ ಮಾತ್ರ ಶುಲ್ಕ ಕಟ್ಟಿ ಬಂದವರಿದ್ದರು.

ಇಷ್ಟು ಹೇಳಿದ ಮೇಲೆ ಒಂದು ಕಷ್ಟದ ಪ್ರಶ್ನೆ ಎದ್ದು ನಿಲ್ಲುತ್ತದೆ. ಅಲ್ಲಮನ ವಚನದಲ್ಲಿ ಬಯಲು ಬಯಲನ್ನೇ ಬಿತ್ತುತ್ತದೆ, ಬಯಲನ್ನೇ ಬೆಳೆಯುತ್ತದೆ, ಬಯಲೇ ಆಗಿ ಬಯಲಾಗುತ್ತದೆ. ಹೈಡೆಗರ್‌ನನ್ನು ಗದರಿದ ಬಾಯಲ್ಲೇ ಅಲ್ಲಮನಿಗೆ ತಲೆದೂಗುವುದು ಹೇಗೆ? ನನ್ನ ‘ಅಲ್ಲ’ದ ಪರೀಕ್ಷೆಗೆ ಹಾಕಿದರೆ ವಚನ ಪಾಸಾಗುವುದಿಲ್ಲ. ‘ಬಯಲು ಬಯಲನ್ನು ಬಿತ್ತುವುದಿಲ್ಲ’ ಎಂದರೆ ಏನು ಬದಲಾಯಿತೋ ನನಗೆ ಹೇಳಲು ಬಾರದು.

ಕಾರ್ನಾಪ್ ಇದಕ್ಕೊಂದು ದಾರಿ ಬಿಟ್ಟಿದ್ದಾನೆ. ಬದುಕಿನ ಬಗೆಗಿನ ಭಾವವನ್ನು ವ್ಯಕ್ತಪಡಿಸಲು ಕಲೆ ಇದೆ, ಸಂಗೀತ ಇದೆ. ಅದಕ್ಕೆ ಅವನ ವಿರೋಧವಿಲ್ಲ. ಅದೇ ಭಾವವನ್ನು ಸಿದ್ಧಾಂತದ ವೇಷದಲ್ಲಿ ತರುವ ಮೆಟಫಿಸಿಕ್ಸ್ ಪಂಡಿತರು ಸಂಗೀತ ಬಾರದ ಸಂಗೀತಗಾರರು ಎಂಬುದು ಅವನ ಏಟು. ಈ ಏಟು ವಚನಕ್ಕೆ ಬೀಳುವುದಿಲ್ಲ. ವಚನಕಾರರಿಗೆ ಸಂಗೀತ ಬರುತ್ತಿತ್ತು. ಮಲ್ಲಿಕಾರ್ಜುನ ಮನ್ಸೂರರು ವಚನಗಳನ್ನು ಹಾಡಿದ್ದನ್ನು ಕೇಳಿದವರಿಗೆ ಇದಕ್ಕೆ ಬೇರೆ ಸಾಕ್ಷಿ ಬೇಡ. ಮತ್ತು ಬೆಡಗಿನ ವಚನ ತಾನು ನೇರವಾದ ಹೇಳಿಕೆಯಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ, ಬೆಡಗು ಎಂದರೇ ಅದು. ಆದರೂ ಕಾರ್ನಾಪ್‌ನ ಔದಾರ್ಯ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ವಚನವನ್ನು ಬರೀ ಭಾವದ ಪೆಟ್ಟಿಗೆಗೆ ಹಾಕಿಬಿಟ್ಟರೆ ಅಲ್ಲಮ ಎದ್ದುಬಂದು ಜಗಳವಾಡಿಯಾನು. ಅವನು ಏನನ್ನೋ ತೋರಿಸುತ್ತಿದ್ದೇನೆ ಎಂದುಕೊಂಡೇ ಆಡಿದವನು.

ವಿಟ್‌ಗೆನ್‌ಸ್ಟೈನನಿಗೂ ತನ್ನ ಪುಸ್ತಕದ ಬಗ್ಗೆ ಇದೇ ಹಂಬಲವಿತ್ತು: ವಾಕ್ಯಗಳು ಅಸಂಬದ್ಧ, ಆದರೆ ಅವು ಏನನ್ನೋ ಕಾಣಿಸುತ್ತವೆ. ಇದನ್ನು ನೇರವಾಗಿ ಚುಚ್ಚಿದವನು ಅದೇ ರ‍್ಯಾಮ್ಸೆ. 1929ರಲ್ಲಿ ಬರೆದ ಒಂದು ಟಿಪ್ಪಣಿಯಲ್ಲಿ ಅವನು, ತತ್ತ್ವಶಾಸ್ತ್ರ ನಾನ್‌ಸೆನ್ಸ್ ಎಂದ ಮೇಲೆ ಅದು ನಾನ್‌ಸೆನ್ಸ್ ಎಂಬುದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು, ವಿಟ್‌ಗೆನ್‌ಸ್ಟೈನನ ಹಾಗೆ ಅದನ್ನು ಮಹತ್ವದ ನಾನ್‌ಸೆನ್ಸ್ ಎಂದು ನಟಿಸಬಾರದು ಎಂದ. ಗಮನಿಸಿ, ಈ ಸಲ ಪದ ಸರಿಯಾಗಿದೆ. ಬಹಳ ಕಾಲದ ನಂತರ ಕೋರಾ ಡೈಮಂಡ್ ಎಂಬ ವಿದುಷಿ ಇದೇ ಮಾತನ್ನು ವಿಟ್‌ಗೆನ್‌ಸ್ಟೈನನ ಪರವಾಗಿಯೇ ತಿರುಗಿಸಿದರು: ಅಸಂಬದ್ಧದಲ್ಲಿ ಘನವಾದದ್ದು, ಹಗುರವಾದದ್ದು ಎಂಬ ಜಾತಿಗಳಿಲ್ಲ, ಏಣಿ ಎಸೆಯಬೇಕು ಎಂದರೆ ಎಸೆಯಬೇಕು, ಒಂದು ಮೆಟ್ಟಿಲನ್ನು ಜೇಬಿನಲ್ಲಿಟ್ಟುಕೊಳ್ಳುವ ಹಾಗಿಲ್ಲ. ಇದನ್ನು ಒಪ್ಪದವರೂ ಇದ್ದಾರೆ, ವಾದ ಇನ್ನೂ ಮುಗಿದಿಲ್ಲ.

ರ‍್ಯಾಮ್ಸೆಯ ಇನ್ನೊಂದು ಮಾತು ಇದಕ್ಕಿಂತ ಹರಿತ. ಹೇಳಲಾಗದ್ದನ್ನು ಹೇಳಲಾಗದು, ಅದನ್ನು ಶಿಳ್ಳೆಯಲ್ಲೂ ಹೇಳಲಾಗದು ಎಂದ. ವಿಟ್‌ಗೆನ್‌ಸ್ಟೈನ್ ಶಿಳ್ಳೆಯಲ್ಲಿ ನಿಪುಣ, ಶೂಬರ್ಟ್‌ನ ರಚನೆಗಳನ್ನು ಶಿಳ್ಳೆಯಲ್ಲೇ ನುಡಿಸಬಲ್ಲವನಾಗಿದ್ದ ಎಂಬುದು ಗೊತ್ತಿದ್ದವರಿಗೆ ಈ ಮಾತು ಎಲ್ಲಿ ನಾಟಬೇಕೋ ಅಲ್ಲೇ ನಾಟುತ್ತದೆ. ವಾದದಲ್ಲಿ ನಾನು ರ‍್ಯಾಮ್ಸೆಯ ಕಡೆ. ಟ್ರಕ್ಟಾಟಸ್ಸಿನ ವಾಕ್ಯಗಳಿಗೆ ಸಂಖ್ಯೆ ಹಾಕಿ, ದಶಮಾಂಶದಲ್ಲಿ ಜೋಡಿಸಿ, ಸಿದ್ಧಾಂತದ ಪೂರ್ತಿ ಸಮವಸ್ತ್ರ ತೊಡಿಸಿದ ಮೇಲೆ ಅವನ್ನು ಸಿದ್ಧಾಂತವಾಗಿಯೇ ಪರೀಕ್ಷಿಸಬೇಕಾಗುತ್ತದೆ, ಅಲ್ಲಿ ಶಿಳ್ಳೆಗೆ ರಿಯಾಯಿತಿ ಇಲ್ಲ. ವಚನಕ್ಕೆ ಯಾರೂ ಹಾಗೆ ದಶಮಾಂಶ ಹಾಕಿಲ್ಲ. ಅದು ಏನನ್ನು ತೋರಿಸುತ್ತದೆ ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಅದನ್ನು ಸಂಖ್ಯೆ ಹಾಕಿದ ವಾಕ್ಯಗಳಲ್ಲಿ ವಿವರಿಸಿದ್ದೇನೆ ಎನ್ನುವ ಪುಸ್ತಕ ಯಾರಾದರೂ ತಂದುಕೊಟ್ಟರೆ, ಮೊದಲ ಪುಟದ ಮೊದಲ ವಾಕ್ಯಕ್ಕೆ ‘ಅಲ್ಲ’ ಸೇರಿಸಿ ನೋಡಿ ಆಮೇಲೆ ಮುಂದೆ ಓದುತ್ತೇನೆ.